ದೊಡ್ಡಪ್ಪನ ಕೆಡ್ಡಸ

ನಮ್ಮ ದೊಡ್ಡಪ್ಪನಿಗೆ ನೆಲದ ಮೇಲೆ ನಡೆಯಲು ಬರುತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ವರ್ಷವಿಡೀ ಬರುತ್ತಿತ್ತು, ಕೆಡ್ಡಸದ ಮೂರು ದಿನ ಮಾತ್ರ ಬರುತ್ತಿರಲಿಲ್ಲ!

ಕೆಡ್ಡಸವೆಂದರೆ ನಮ್ಮ ತುಳುನಾಡಿನಲ್ಲಿ ಭೂಮಿತಾಯಿ ಮುಟ್ಟಾಗಿ ವಿಶ್ರಾಂತಿಯಲ್ಲಿರುವ ದಿನಗಳು. ಆಗ ನೆಲ ಅಗೆಯಬಾರದು, ಉಳಬಾರದು. ನಾಲ್ಕನೆಯ ಬೆಳಗ್ಗೆ ಮನೆಯ ಹೆಂಗಸರು ತುಳಸಿಕಟ್ಟೆಯ ಬುಡದಲ್ಲಿ ಸೀಗೆಪುಡಿ, ಬಾಚಣಿಗೆ ಇಟ್ಟು, ನೆಲಕ್ಕೆ ಎಣ್ಣೆ ಬಿಟ್ಟ ಮೇಲೆಯೇ ಗುದ್ದಲಿ ಮುಟ್ಟುವುದು. ಸಾವಿರದ ಒಂಬೈನೂರ ಅರುವತ್ತರ ಆಸುಪಾಸಿನಲ್ಲಿ ನಮ್ಮೂರು ಆಲೆಟ್ಟಿಯವರೆಲ್ಲ ಇಷ್ಟಕ್ಕೇ ನಿಲ್ಲಿಸುತ್ತಿದ್ದರು. ದೊಡ್ಡಪ್ಪ ನಿಲ್ಲಿಸಬೇಕಲ್ಲ? ತುದಿಗಾಲಲ್ಲೇ ಓಡಾಟ. ಒಂದು ವರ್ಷವಂತೂ ಕೋಳಿಗಳು ನೆಲ ಕೆದಕುತ್ತವೆಂದು ಅವುಗಳ ಕಾಲಿಗೆ ಹಳೆ ಪಂಚೆಯ ಚೂರು ಸುತ್ತಿದರು. ಗೂಟ ಹೊಡೆದರೆ ಭೂಮಿಗೆ ಚುಚ್ಚುತ್ತದೆಂದು ದನದ ಹಗ್ಗ ಹಿಡಿದು ತಾವೇ ಗೂಟವಾಗಿ ನಿಂತರು. ದನ ನೆರೆಮನೆಯ ಅಲಸಂಡೆ ಸಾಲಿಗೆ ನುಗ್ಗಿತು. ಗೂಟವೂ ಹಿಂದೆಯೇ ಹೋಯಿತು!

"ಎಂತ ಮಾರಾಯ್ರೆ ಇದು?" ಎಂದು ನೆರೆಯವರು ಬೊಬ್ಬೆ ಹೊಡೆದರೆ, "ದನಕ್ಕೆ ಬೈಯಿರಿ, ನಾನು ತುದಿಗಾಲಲ್ಲೇ ಬಂದದ್ದು" ಎಂದರಂತೆ.

ಆ ಸಂಜೆ ದೊಡ್ಡಮ್ಮ ಹಬ್ಬದ ಪುಡಿಗೆಂದು ಹುರಿದ ಅಕ್ಕಿ, ಹುರುಳಿ ಕುಟ್ಟುತ್ತಿದ್ದರು.

"ಮೆಲ್ಲ ಕುಟ್ಟು. ಭೂಮಿಗೆ ನೋವಾಗ್ತದೆ" ಎಂದರು ದೊಡ್ಡಪ್ಪ.

ದೊಡ್ಡಮ್ಮ ಒನಕೆ ನಿಲ್ಲಿಸಿದರು. "ಭೂಮಿಗೆ ನೋವಾಗುದು ಗೊತ್ತಾಗ್ತದೆ ನಿಮಗೆ. ನನ್ನ ಸೊಂಟ ಎಂತ ಮರದ್ದಾ? ಅವಳಿಗೆ ಮೂರು ದಿನ ರಜೆ ಉಂಟು. ನಂಗೆ ಎಲ್ಲಿ ಉಂಟು?"

ಇದಕ್ಕೆ ಉತ್ತರ ಹೊಳೆಯಲು ದೊಡ್ಡಪ್ಪನಿಗೆ ಒಂದು ವರ್ಷ ಬೇಕಾಯಿತು!

ಮರುವರ್ಷ ಕೆಡ್ಡಸಕ್ಕೆ ಜಗಲಿಯಲ್ಲಿ ಚಾಪೆ ಹಾಸಿ ದೊಡ್ಡಮ್ಮನನ್ನು ಮಲಗಿಸಿಯೇ ಬಿಟ್ಟರು. ಅಡುಗೆ ತಮ್ಮದೇ. ಗಂಜಿ ತಳ ಹಿಡಿಯಿತು, ಹುರುಳಿ ಇದ್ದಿಲಾಯಿತು. ಅದನ್ನೇ ಕುಟ್ಟಿದ ಪುಡಿಯನ್ನು ದನ ಕೂಡ ಮೂಸಿ ಹಿಂದೆ ಸರಿಯಿತು. ಒಳಗೆ ಪಾತ್ರೆ ಬಿದ್ದ ಸದ್ದಿಗೆ ದೊಡ್ಡಮ್ಮ ಎದ್ದರೆ, "ಭೂಮಿ ಎದ್ದರೆ ಭೂಕಂಪ! ಮಲಗು ಮಾರಾಯ್ತಿ!" ದೊಡ್ಡಮ್ಮ ನಕ್ಕೂ ನಕ್ಕೂ ಸೊಂಟ ಹಿಡಿದುಕೊಂಡರು. ಮೂರನೆಯ ಬೆಳಗ್ಗೆ ಮಾತ್ರ ಎದ್ದು ಸೀದಾ ಒಲೆಯ ಮುಂದೆ ಕೂತರು.

"ಇನ್ನೂ ಮಲಗಿದ್ರೆ ಮನೆಯವರು ಉಳಿಯುದಿಲ್ಲ. ನಂದು ಒಂದು ದಿನ ಬಾಕಿ ಇರ್ಲಿ, ಮುಂದಿನ ಕೆಡ್ಡಸಕ್ಕೆ ಮಲಗ್ತೇನೆ."

ಮುಂದಿನ ಕೆಡ್ಡಸಕ್ಕೆ ದೊಡ್ಡಮ್ಮ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಜ್ವರ ಬಂದು ಹೋಗಿಬಿಟ್ಟರು. ಕೋಳಿಗಳು ಅಂಗಳವಿಡೀ ಕೆದಕಿದವು. ದೊಡ್ಡಪ್ಪ ಸುಮ್ಮನೆ ನೋಡುತ್ತ ಕೂತರು. ಸಾವಾದ ಮನೆಗೆ ಆ ವರ್ಷ ಹಬ್ಬವಿಲ್ಲ. ಆದರೂ ನಾಲ್ಕನೆಯ ಬೆಳಗ್ಗೆ ದೊಡ್ಡಮ್ಮನ ಬಾಚಣಿಗೆ ತಂದು ತುಳಸಿಯ ಬುಡದಲ್ಲಿಟ್ಟು, ತಾವೇ ನೆಲಕ್ಕೆ ಎಣ್ಣೆ ಬಿಟ್ಟರು.

ಅಪ್ಪ ಗುದ್ದಲಿ ಹೆಗಲಿಗೇರಿಸಿ ಹೊರಟಿದ್ದರು. ದೊಡ್ಡಪ್ಪ ಕೈ ಅಡ್ಡ ಹಿಡಿದರು.

"ಇವತ್ತು ಬೇಡ ತಮ್ಮಾ. ಅವಳದ್ದು ಒಂದು ದಿನ ಬಾಕಿ ಉಂಟು."

ಅವರನ್ನು ಕಂಡು ನಗುವುದೇ ಅಭ್ಯಾಸವಾಗಿದ್ದ ನಾವು ಯಾರೂ ಆ ದಿನ ನಗಲಿಲ್ಲ. ಅಪ್ಪ ಗುದ್ದಲಿಯನ್ನು ಸದ್ದಾಗದ ಹಾಗೆ ಗೋಡೆಗೆ ಒರಗಿಸಿ, ತುದಿಗಾಲಲ್ಲಿ ಒಳಗೆ ಬಂದರು.