ತಪ್ಪೆಲ್ಲ ಬ್ಲೇಡಿನದು

ಮೆಲ್ವಿನ್ ಪ್ರೊಕೊಪ್‌ನ ಸ್ಕೇಟುಗಳನ್ನು ಅವನ ಸ್ನೇಹಿತರು ಕದಿಯದೆ ಇದ್ದಿದ್ದರೆ ಅವನ ಶುಕ್ರವಾರ ಎಲ್ಲ ಶುಕ್ರವಾರಗಳ ಹಾಗೆ ನೆಮ್ಮದಿಯಾಗಿ ಕಳೆದುಹೋಗುತ್ತಿತ್ತು. ಕದ್ದವರಾದರೂ ಎಂಥವರು! ಬೆಳಗಾಗುತ್ತಲೇ ವಾಪಸು ತಂದುಕೊಟ್ಟರು. ಅದೂ ಕೆಂಪು ರಿಬ್ಬನ್ ಕಟ್ಟಿ, ಹಾರ್ಲನ್ ಊರಿನ ಅರ್ಧ ಜನ ಬೆಳಗಿನ ಕಾಫಿಗೆ ಸೇರುವ ಹೋಟೆಲಿನಲ್ಲಿ, ಎಲ್ಲರ ಕಣ್ಣೆದುರಿಗೇ.

"ತಗೋ ಮಾರಾಯ!" ಎಂದ ಊರಿನ ಐಸ್ ಹಾಕಿ ತಂಡದ ಕ್ಯಾಪ್ಟನ್ ಡ್ವೇನ್. ಅವನದು ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಇಂಜಿನ್ನಿನ ಸದ್ದಿನಲ್ಲಿ ಕೂಗಿ ಕೂಗಿ ರೂಢಿಯಾಗಿ, ಗುಟ್ಟು ಹೇಳುವಾಗಲೂ ಅವನ ದನಿ ತಗ್ಗುತ್ತಿರಲಿಲ್ಲ. "ಇಪ್ಪತ್ತು ವರ್ಷದಿಂದ ಬ್ಲೇಡ್ ಸರಿ ಇಲ್ಲ, ಬ್ಲೇಡ್ ಸರಿ ಇಲ್ಲ ಅಂತ ನಮ್ಮ ತಲೆ ತಿಂದೆ. ತಂಡದೋರೆಲ್ಲ ಸೇರಿ ಮಸೆಯೋ ಕಾರ್ಲ್ ಕೈಲಿ ಸರಿ ಮಾಡ್ಸಿದೀವಿ. ನಿನ್ ಹೆಂಡ್ತೀನೇ ಗ್ಯಾರೇಜಿಂದ ತೆಗೆದುಕೊಟ್ಳು. ಈಗ ಖುಷೀನಾ?"

ಮೆಲ್ವಿನ್ ತನ್ನ ಕಾಫಿಗೆ ಎರಡನೇ ಸಲ ಸಕ್ಕರೆ ಹಾಕಿಕೊಂಡ. ಖುಷಿಯಿಂದಲೇ ಇರಬೇಕೆಂದು ಎಲ್ಲರೂ ತಿಳಿದುಕೊಂಡರು.

ಸ್ಕೇಟಿನ ಬ್ಲೇಡು ನೆಟ್ಟಗೆ ಕಂಡರೂ ನೆಟ್ಟಗಿರುವುದಿಲ್ಲ. ಅಡಿಯಲ್ಲಿ ತೂಗುಕುರ್ಚಿಯ ಕಾಲಿನ ಹಾಗೆ ಸಣ್ಣದಾಗಿ ಬಾಗಿರುತ್ತದೆ. ಆ ಬಾಗು ಎಷ್ಟಿರಬೇಕು, ಅದರ ಮೇಲೆ ನಿಂತವನು ಮುಂದಕ್ಕೆ ವಾಲಬೇಕೋ ಹಿಂದಕ್ಕೋ ಎನ್ನುವುದನ್ನು ಅವರವರ ಮೈಭಾರಕ್ಕೆ, ಆಟಕ್ಕೆ ತಕ್ಕ ಹಾಗೆ ಮಸೆದು ಕೂರಿಸಬಹುದು. ಮುಂದಕ್ಕೆ ವಾಲಿಸಿದರೆ ಓಟ, ಹಿಂದಕ್ಕೆ ವಾಲಿಸಿದರೆ ನಿಲುವು. ಹಾರ್ಲನ್ನಿನಲ್ಲಿ ದೇವರ ವಿಷಯಕ್ಕೆ ಜಗಳವಾದದ್ದನ್ನು ಯಾರೂ ಕಂಡಿಲ್ಲ. ವಾಲಿನ ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು.

ಮೆಲ್ವಿನ್ನನ ಮಟ್ಟಿಗೆ ಈ ವಾಲು ದೊಡ್ಡ ಆಸರೆಯಾಗಿತ್ತು. ಪಾಸು ತಪ್ಪಿದರೆ, "ಹಿಮ್ಮಡಿಗೆ ಎಳೀತಿದೆ ಕಣ್ರೋ" ಎನ್ನುತ್ತಿದ್ದ. ಬಿದ್ದರೆ, "ಬಾಗು ಜಾಸ್ತಿಯಾಗಿದೆ" ಎನ್ನುತ್ತಿದ್ದ. ಖಾಲಿ ಗೋಲಿಗೆ ಹೊಡೆದದ್ದು ಪ್ರೇಕ್ಷಕರ ಬೆಂಚಿಗೆ ಹೋದ ದಿನ ಕಾಲು ಮೇಲೆತ್ತಿ ಬ್ಲೇಡನ್ನೇ ದಿಟ್ಟಿಸಿ ನೋಡಿ ತಲೆಯಾಡಿಸಿದ್ದ. ನೋಡಿದವರಿಗೆ ಅಯ್ಯೋ ಪಾಪ ಅನ್ನಿಸಿತ್ತು.

"ಇನ್ನೊಂದು ಮಾತು," ಎಂದ ಡ್ವೇನ್. "ನಾಳೆ ಬೆಳಿಗ್ಗೆ ರೆಜೈನಾಕ್ಕೆ ಬಸ್ಸು. ಒಂದೇ ಒಂದು ಜಾಗ ಉಳಿದಿದೆ. ನೀನು ಬರ್ಬೇಕೋ ಟ್ರೆವರ್ ಬರ್ಬೇಕೋ, ಇವತ್ತು ಸಂಜೆ ಆಟ ನೋಡಿ ಹೇಳ್ತೀನಿ."

ಟ್ರೆವರ್ ಬ್ಯಾಂಕಿನವನು. ಮೊನ್ನೆ ಮೊನ್ನೆ ನಲವತ್ತು ತುಂಬಿಸಿಕೊಂಡು ಹಿರಿಯರ ತಂಡಕ್ಕೆ ಸೇರಿದವನು. ಮೆಲ್ವಿನ್ನನ ಬೆನ್ನು ತಟ್ಟಿ, "ಆಲ್ ದಿ ಬೆಸ್ಟ್ ಮೆಲ್ವಿನ್ ಅಣ್ಣಾ, ಇನ್ನು ನಿಮ್ಮನ್ನ ಹಿಡಿಯೋರು ಯಾರು!" ಎಂದ.

ರೆಜೈನಾದ ಹಿರಿಯರ ಕಪ್ ಪಂದ್ಯಗಳಿಗೆ ಪ್ರತಿ ಮಾರ್ಚಿನಲ್ಲೂ ಹಾರ್ಲನ್ ತಂಡ ಬಸ್ಸು ಹತ್ತುತ್ತಿತ್ತು. ಪ್ರತಿ ಮಾರ್ಚಿನಲ್ಲೂ ಮೆಲ್ವಿನ್ ಹಿಮದಲ್ಲಿ ನಿಂತು ಕೈಬೀಸುತ್ತಿದ್ದ. ಒಂದು ಸಲವಾದರೂ ಬಸ್ಸಿನ ಒಳಗಿನಿಂದ ಕೈಬೀಸಬೇಕೆಂಬುದು ಅವನ ಆಸೆ. ಐವತ್ತೆರಡರ ವಯಸ್ಸಿನಲ್ಲಿ ಅದು ಹೇಳಿಕೊಳ್ಳುವಂಥ ಆಸೆಯಲ್ಲವಾದ್ದರಿಂದ ಹೆಂಡತಿಗೆ ಕೂಡ ಹೇಳಿರಲಿಲ್ಲ.

ಅವನು ಕೆಲಸ ಮಾಡುತ್ತಿದ್ದ ಹಾರ್ಡ್‌ವೇರ್ ಅಂಗಡಿಯಲ್ಲಿ ಅವತ್ತು ಮೊಳೆ ಕೊಳ್ಳಲು ಬಂದವರೂ ಕೂಡ ಮೊಳೆಯ ಮಾತಾಡಲಿಲ್ಲ. "ಎಷ್ಟು ಮುಂದಕ್ಕೆ ವಾಲ್ಸಿದಾನೆ ಕಾರ್ಲು? ತೋರ್ಸು ನೋಡಾಣ" ಎಂದು ಒಬ್ಬ ಕೌಂಟರ್ ದಾಟಿ ಒಳಗೆ ಬಂದ. ಇನ್ನೊಬ್ಬ, "ಇವತ್ತು ನಾಲ್ಕು ಗೋಲು ಹೊಡೀಲಿಲ್ಲ ಅಂದ್ರೆ ಈ ಅಂಗಡಿ ಕಡೆ ತಲೆ ಹಾಕಲ್ಲ ನೋಡು" ಎಂದು ಹೆದರಿಸಿಹೋದ. ಮೆಲ್ವಿನ್ನನಿಗೆ ಮಧ್ಯಾಹ್ನದ ಊಟ ಬೇಡವಾಯಿತು. ಸ್ಕೇಟು ಎತ್ತಿಕೊಂಡು, ಊಟದ ಹೊತ್ತಿನಲ್ಲಿ ನರಪಿಳ್ಳೆಯೂ ಇಲ್ಲದ ರಿಂಕಿಗೆ ಹೋದ.

ಐಸಿಗೆ ಕಾಲಿಟ್ಟದ್ದೇ ಎದೆ ಧಸಕ್ಕೆಂದಿತು. ಬ್ಲೇಡು ಅದ್ಭುತವಾಗಿತ್ತು!

ಇಷ್ಟು ದಿನ ಒರಟಾಗಿದ್ದ ತಿರುವು ಬೆಣ್ಣೆಯಲ್ಲಿ ಚಾಕು ಇಳಿದಷ್ಟು ಸಲೀಸು. ಮುಂದಕ್ಕೆ ಸ್ವಲ್ಪವೇ ವಾಲಿದರೆ ಸಾಕು, ಕಾಲು ತಾನಾಗಿ ಓಡುತ್ತಿತ್ತು. ಹಿಮ್ಮಡಿಗೆ ಎಳೆಯುವುದಿಲ್ಲ, ಬೆರಳಿಗೆ ಕುಟ್ಟುವುದಿಲ್ಲ, ಏನೆಂದರೆ ಏನೂ ಇಲ್ಲ. ಮೆಲ್ವಿನ್ ಖಾಲಿ ಗೋಲಿನ ಎದುರು ಪಕ್ಕನ್ನು, ಅಂದರೆ ಆಟದ ರಬ್ಬರ್ ಬಿಲ್ಲೆಯನ್ನು, ಇಟ್ಟು ಹೊಡೆದ. ಅದು ಗೋಲಿನ ಪಕ್ಕದಿಂದ ಹೋಯಿತು. ಇನ್ನೊಂದು ಹೊಡೆದ. ಅದು ಮೇಲಿನಿಂದ ಹೋಯಿತು. ಮೂರನೆಯದಕ್ಕೆ ಕಾಲು ಮೇಲೆತ್ತಿ ಬ್ಲೇಡು ನೋಡಿದ, ಅಭ್ಯಾಸಬಲ. ಬ್ಲೇಡು ಫಳಫಳ ಹೊಳೆಯುತ್ತ ಅವನನ್ನೇ ನೋಡಿತು.

"ಅಯ್ಯೋ ದೇವರೇ," ಎಂದ ಮೆಲ್ವಿನ್ ಗಟ್ಟಿಯಾಗಿ. "ಹಾಗಾದ್ರೆ ನಾನೇನಾ?"

ಇಪ್ಪತ್ತು ವರ್ಷ ಜೋಪಾನ ಮಾಡಿಕೊಂಡು ಬಂದ ನೆಪ ಒಂದೇ ಬೆಳಿಗ್ಗೆ ಕೈತಪ್ಪಿ ಹೋಗಿತ್ತು. ತಪ್ಪನ್ನು ಸ್ಟಿಕ್ಕಿನ ಮೇಲೆ ಹಾಕೋಣವೆಂದರೆ ಅದು ಹೆಂಡತಿ ಕೊಡಿಸಿದ್ದು. ಸಂಜೆ ಊರಿಗೆ ಊರೇ ನೋಡುತ್ತದೆ. ಬಸ್ಸು ತಪ್ಪಿದರೆ ತಪ್ಪಲಿ, ಮಾನವಾದರೂ ಉಳಿಯಬೇಡವೇ?

ಮೆಲ್ವಿನ್ನನಿಗೆ ಒಂದೇ ದಾರಿ ಕಂಡಿತು. ಪಕ್ಕದೂರು ಗ್ರೆನ್‌ವಿಕ್ಕಿನಲ್ಲಿ ಗುರುತಿಲ್ಲದ ಇನ್ನೊಬ್ಬ ಮಸೆಯುವವನಿದ್ದ. ಅವನ ಹತ್ತಿರ ಹೋಗಿ ಬ್ಲೇಡನ್ನು ಮೊದಲಿನ ಬಾಗಿಗೇ ತರಿಸುವುದು. ಸಂಜೆ ಆಟ ಕೆಟ್ಟಾಗ ಬ್ಲೇಡು ತಿರುಗಿಸಿ ತೋರಿಸಿ, "ನೋಡ್ರಪ್ಪಾ, ಕಾರ್ಲ್ ಏನೂ ಮಾಡೇ ಇಲ್ಲ, ಹಳೇ ಬಾಗೇ ಇದೆ" ಎಂದುಬಿಡುವುದು. ಪಾಪ, ಕಾರ್ಲ್ ಒಳ್ಳೆಯವನು. ಆದರೆ ಕಾರ್ಲ್‌ಗೆ ಬಸ್ಸಿನಲ್ಲಿ ಆಗಲೇ ಜಾಗವಿತ್ತಲ್ಲ.

ಅಂಗಡಿಗೆ ಹೊಟ್ಟೆನೋವೆಂದು ಹೇಳಿ ಕಾರು ತೆಗೆದ. ಬೀದಿಯ ತುದಿಗೂ ಹೋಗಿರಲಿಲ್ಲ, ಪಕ್ಕದ ಮನೆಯ ಓಲ್ಗಜ್ಜಿ ಕೈ ಅಡ್ಡ ಹಾಕಿದಳು.

"ಗ್ರೆನ್‌ವಿಕ್ ಕಡೆ ತಾನೇ? ಹಲ್ಲಿನ ಡಾಕ್ಟ್ರ ಹತ್ರ ಬಿಟ್ಬಿಡು ಮಗಾ," ಎನ್ನುತ್ತ ಉತ್ತರಕ್ಕೂ ಕಾಯದೆ ಹತ್ತಿ ಕೂತಳು. ಸೀಟಿನ ಮೇಲಿದ್ದ ಸ್ಕೇಟುಗಳನ್ನು ತೊಡೆಯ ಮೇಲಿಟ್ಟುಕೊಂಡಳು. "ಇದ್ಯಾಕೆ ಗ್ರೆನ್‌ವಿಕ್ಕಿಗೆ? ಕಾರ್ಲು ಮಸೆದಾಯ್ತಂತಲ್ಲ?"

"ಸುಮ್ನೆ, ಸ್ವಲ್ಪ ಪಾಲಿಶ್ ಹಾಕ್ಸೋಣ ಅಂತ, ಅಜ್ಜಿ."

"ಎಷ್ಟು ಮುತುವರ್ಜಿಯಪ್ಪಾ ನಿಂಗೆ! ನಮ್ಮೆಜಮಾನ್ರು ನನ್ನೇ ಇಷ್ಟು ಚೆನ್ನಾಗಿ ನೋಡ್ಕೊಳ್ಳಲಿಲ್ಲ ಬಿಡು," ಎಂದಳು ಅಜ್ಜಿ. ದಾರಿಯುದ್ದಕ್ಕೂ ಹಲ್ಲುನೋವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮಾತಾಡಿದಳು.

ಗ್ರೆನ್‌ವಿಕ್ಕಿನ ಮಸೆಯುವವನು ಬ್ಲೇಡನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ವಿನ್ನನ ಮುಖ ನೋಡಿದ.

"ಯಾರ್ರೀ ಮಾಡಿದ್ದು? ಕೈಗೆ ಮುತ್ತಿಡಬೇಕು. ಇದನ್ನ ಕೆಡಿಸು ಅಂತೀರಲ್ರೀ!"

"ಕೆಡಿಸಿ."

"ಉಕ್ಕು ಸವೆದುಹೋಗುತ್ತೆ ಸ್ವಾಮೀ."

"ಸವೀಲಿ. ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹಾಗೇ ಮಾಡಿ. ಚೂರೂ ಚೆನ್ನಾಗಿರಬಾರ್ದು."

ಆ ಮನುಷ್ಯ ಯಂತ್ರ ಶುರುಮಾಡಿದ. ಕಿಡಿ ಹಾರುವಾಗ ಹೆಣದ ಮುಂದೆ ನಿಂತವನ ಹಾಗೆ ಟೋಪಿ ತೆಗೆದಿದ್ದ.

ಸಂಜೆ ರಿಂಕು ತುಂಬಿಹೋಗಿತ್ತು. ಮೆಲ್ವಿನ್ ಐಸಿಗಿಳಿದ. ಅದೇ ಹಳೆಯ ಎಳೆತ, ಅದೇ ಒರಟು ತಿರುವು. ತವರಿಗೆ ಬಂದಂತಾಯಿತು! ಇನ್ನು ಏನು ಬೇಕಾದರೂ ಆಗಲಿ, ತಪ್ಪು ತನ್ನದಲ್ಲ ಎಂದುಕೊಂಡದ್ದೇ ತಡ, ಹೆಗಲ ಮೇಲಿಂದ ಮೂಟೆ ಇಳಿಸಿದಷ್ಟು ಹಗುರವಾಯಿತು. ಪಕ್ ಬಂತು, ಯೋಚಿಸದೆ ಹೊಡೆದ. ಗೋಲು! ಏನೋ ಆಕಸ್ಮಿಕವೆಂದುಕೊಂಡು ಮತ್ತೆ ಹೊಡೆದ. ಅದೂ ಗೋಲು! ಎದುರಾಳಿ ತಂಡದ ದಢೂತಿಯೊಬ್ಬನ ಕಾಲಡಿಯಿಂದ ಪಕ್ ಕಿತ್ತುಕೊಂಡು ಡ್ವೇನ್‌ಗೆ ಕೊಟ್ಟ ಪಾಸಂತೂ ಅವನಿಗೇ ನಂಬಲಾಗಲಿಲ್ಲ. ಕೊನೆಯ ಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದವನೂ ಅವನೇ. ಮೇಲಿನ ಬೆಂಚಿನಲ್ಲಿ ಹೆಂಡತಿ ಲೊರೇನ್ ಅಳುತ್ತಿರುವುದು ಕಾಣಿಸಿತು. ಅವನ ಕಣ್ಣೂ ತುಂಬಿಬಂತು. ಆಟ ಅವನದೇ ಆಗಿತ್ತು. ಪೂರ್ತಿ ಅವನದೇ!

ಆಟ ಮುಗಿದು, ರಿಂಕಿನ ಹಜಾರದಲ್ಲಿ ಕಾರ್ಲ್‌ನ ಮಸೆಯುವ ಕಟ್ಟೆಯ ಮುಂದೆ ತಂಡವೆಲ್ಲ ಸೇರಿತು. ಡ್ವೇನ್ ಮೆಲ್ವಿನ್ನನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ.

"ಎಂಥಾ ಬ್ಲೇಡ್ ಗುರೂ! ಎಂಥಾ ಬ್ಲೇಡ್!"

"ಕಾರ್ಲ್, ನಂಗೂ ಅದೇ ಬಾಗು, ಅದೇ ವಾಲು!" ಎಂದು ಒಬ್ಬ ಸ್ಕೇಟು ಚಾಚಿದ. ಅವನ ಹಿಂದೆ ಆಗಲೇ ಸಾಲು ಬೆಳೆಯುತ್ತಿತ್ತು.

"ಕೇಳಿ ಎಲ್ರೂ," ಎಂದು ಡ್ವೇನ್ ಗುಡುಗಿದ. "ಈ ಬ್ಲೇಡ್ ಹಾಕ್ಕೊಂಡು ಮೆಲ್ವಿನ್ನೇ ಇಷ್ಟು ಆಡ್ದ ಅಂದ್ರೆ, ಆಟ ಬರೋನು ಹಾಕ್ಕೊಂಡ್ರೆ ಏನಾಗ್ಬೇಕು? ಟ್ರೆವರ್, ನಿಂದೂ ಇವಂದೂ ಒಂದೇ ಅಳತೆ ಅಲ್ವಾ? ನಾಳೆ ನೀನು ಇದನ್ನ ಹಾಕ್ಕೊಂಡು ಬಾ. ಕಪ್ಪು ನಮ್ದೇ!"

ಮೆಲ್ವಿನ್ ಬಾಯಿ ತೆರೆಯುವಷ್ಟರಲ್ಲಿ ಯಾರೋ ಅವನ ಕೈಯಲ್ಲಿದ್ದ ಸ್ಕೇಟಿನ ಅಡಿಯ ಕೊಕ್ಕೆ ಎಳೆದರು. ಟಕ್ ಎಂದು ಬ್ಲೇಡು ಕಳಚಿ ಬಂತು. ಇನ್ನೊಂದೂ ಟಕ್ ಎಂದಿತು.

"ಹೇ, ಹೇ, ನಿಲ್ಲಿ!" ಮೆಲ್ವಿನ್ನನ ಬಾಯಿಂದ ಇಪ್ಪತ್ತು ವರ್ಷದಲ್ಲಿ ಬಾರದ ಮಾತು ಬಂತು. "ಬ್ಲೇಡಲ್ಲ ಕಣ್ರೋ! ನಾನು! ನಾನೇ ಆಡಿದ್ದು!"

ಎಲ್ಲರೂ ನಕ್ಕರು. ಮೆಲ್ವಿನ್ ಬೆವರುತ್ತ ಇದ್ದದ್ದನ್ನು ಇದ್ದಹಾಗೆ ಕಕ್ಕಿಬಿಟ್ಟ. ಗ್ರೆನ್‌ವಿಕ್ಕಿಗೆ ಹೋದದ್ದು, ಹಳೆಯ ಬಾಗಿಗೇ ತರಿಸಿದ್ದು, ತಪ್ಪನ್ನು ಕಾರ್ಲ್‌ನ ಮೇಲೆ ಹಾಕಬೇಕೆಂದಿದ್ದದ್ದು, ಎಲ್ಲ. "ಬೇಕಾದ್ರೆ ಓಲ್ಗಜ್ಜೀನ ಕೇಳಿ, ಜೊತೇಲೇ ಇದ್ರು!"

ಕಾಫಿ ಹಿಡಿದು ನಿಂತಿದ್ದ ಅಜ್ಜಿ ಮುಂದೆ ಬಂದಳು. "ಹೌದಪ್ಪಾ, ಹೋಗಿದ್ವಿ. ಪಾಲಿಶ್ ಹಾಕ್ಸಿದ. ಮಗು ಥರ ನೋಡ್ಕೋತಾನೆ ಅವನ್ನ."

"ಕೇಳಿದ್ರಾ? ಇದರ ಮೇಲೆ ಪಾಲಿಶ್ ಬೇರೆ!" ಎಂದ ಡ್ವೇನ್.

"ಕಾರ್ಲ್! ನೀನಾದ್ರೂ ನೋಡೋ! ಇದು ನೀನು ಮಾಡಿದ್ದಾ?"

ಕಾರ್ಲ್ ಬ್ಲೇಡನ್ನು ಕೈಗೆ ತೆಗೆದುಕೊಂಡ. ಹೆಬ್ಬೆರಳು ಓಡಿಸಿದ. ಅವನ ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದ, ಆಮೇಲೆ ಮೆಲ್ಲನೆ ತಲೆಯೆತ್ತಿ, ಸ್ಕೇಟು ಹಿಡಿದು ಬಾಗಿಲಾಚೆಯವರೆಗೂ ನಿಂತಿದ್ದ ಸಾಲನ್ನು ನೋಡಿದ.

"ನಂದೇ ಕೆಲಸ," ಎಂದ ಕಾರ್ಲ್. "ಹೆತ್ತೋರಿಗೆ ಗೊತ್ತಾಗಲ್ವಾ?"

ಮೆಲ್ವಿನ್ ಬ್ಲೇಡಿಲ್ಲದ ಎರಡು ಬೂಟುಗಳನ್ನು ಎದೆಗವುಚಿಕೊಂಡು ನಿಂತ. ಡ್ವೇನ್‌ಗೆ ಕರುಳು ಚುರ್ರೆಂದಿರಬೇಕು. ಹತ್ತಿರ ಬಂದು ಹೆಗಲ ಮೇಲೆ ಕೈಹಾಕಿ, ಎಂದೂ ಇಲ್ಲದಷ್ಟು ಮೆತ್ತಗೆ ಮಾತಾಡಿದ. ಎಂದರೆ ಪಾರ್ಕಿಂಗ್‌ನಲ್ಲಿದ್ದವರಿಗೆ ಮಾತ್ರ ಕೇಳಿಸಲಿಲ್ಲ.

"ಬೇಜಾರ್ ಮಾಡ್ಕೋಬೇಡ ಕಣೋ. ತಪ್ಪು ನಮ್ದೇ. ಇಷ್ಟು ವರ್ಷ ನೀನು ಬಾಯಿ ಬಡ್ಕೋತಾನೇ ಇದ್ದೆ, ಎಲ್ಲಾ ಬ್ಲೇಡು, ನನ್ನ ಕೈಯಲ್ಲಿ ಏನಿಲ್ಲ ಅಂತ. ನಾವು ಬೆನ್ನ ಹಿಂದೆ ನಗ್ತಿದ್ವಿ. ಇವತ್ತು ಎಲ್ಲರೆದುರು ಒಪ್ಕೋತೀನಿ. ನಿನ್ನ ಮಾತೇ ನಿಜ. ಎಲ್ಲಾ ಬ್ಲೇಡು, ನಿನ್ನ ಕೈಯಲ್ಲಿ ಏನೂ ಇಲ್ಲ. ಹೊಟ್ಟೆಗೆ ಹಾಕ್ಕೋ."

ತಂಡದವರೆಲ್ಲ ಮನಃಪೂರ್ವಕವಾಗಿ ಚಪ್ಪಾಳೆ ತಟ್ಟಿದರು.

ಟ್ರೆವರ್ ಎರಡೂ ಬ್ಲೇಡುಗಳನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿ, ಸಂಕೋಚದಿಂದ ಮೆಲ್ವಿನ್ನನ ಕೈ ಕುಲುಕಿದ.

"ಮೆಲ್ವಿನ್ ಅಣ್ಣಾ, ಒಂದು ಮಾತು ಈಗಲೇ ಹೇಳ್ಬಿಡ್ತೀನಿ," ಎಂದ. "ರೆಜೈನಾದಲ್ಲಿ ನನ್ನ ಆಟ ಏನಾದ್ರೂ ಕೈಕೊಡ್ತು ಅನ್ನಿ, ನನ್ನ ಬೈಬೇಡಿ. ಬ್ಲೇಡ್ ನಿಮ್ದು ನೋಡಿ."