ಟ್ರ್ಯಾಕ್ಟರ್ ಚಕ್ರ ಏರಿದ ಟ್ಯಾಂಕು

ಮಾವ ಸಣ್ಣಯ್ಯನವರ ಫೋನು ಬಾರದೇ ಇದ್ದಿದ್ದರೆ ಕೊಪ್ಪದ ಕೆಂಪರಾಜು ಆ ಭಾನುವಾರ ಬಾಡೂಟ ಉಂಡು ಹಾಯಾಗಿ ಮಲಗಿರುತ್ತಿದ್ದ. ಮಾವ ಹಲಗೂರಿನಲ್ಲಿ ನಿಂತು ಮಾತಾಡಿದರೆ ಫೋನೇ ಬೇಕಿಲ್ಲ, ಅಷ್ಟು ಜೋರು.

“ಸಂಜೆ ಬತ್ತೀನಿ ಕಣಪ್ಪ. ಆ ರಾಜದೂತು ಓಡ್ತದೋ ಇಲ್ವೋ ನೋಡ್ಬುಟ್ಟು ಒಂದು ತೀರ್ಮಾನ ಮಾಡ್ಬೇಕು.”

ಮದುವೆಯ ದಿನ ಮಾವ ಅಳಿಯನ ಕೈಗೆ ಆ ಬೈಕಿನ ಕೀಲಿಯನ್ನೇನೋ ಕೊಟ್ಟಿದ್ದರು, ಕಾಗದಪತ್ರ ಮಾತ್ರ ತಮ್ಮ ಹೆಸರಲ್ಲೇ ಇಟ್ಟುಕೊಂಡಿದ್ದರು. ಹೆಂಡತಿ ನಾಗಶ್ರೀಯನ್ನು ಹಿಂದೆ ಕೂರಿಸಿಕೊಂಡು ಹಲಗೂರಿನಿಂದ ಕೊಪ್ಪದವರೆಗೆ ಅದರಲ್ಲೇ ಬಂದಿದ್ದ ಕೆಂಪರಾಜು. ಆ ದಿನದ ಹೆಮ್ಮೆ ಆಮೇಲೆ ಬದುಕಿನಲ್ಲಿ ಅವನಿಗೆ ಇನ್ನೊಮ್ಮೆ ಸಿಕ್ಕಿರಲಿಲ್ಲ. ಈಗ ಬೈಕು ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ನಿಂತು ಬಹಳ ಕಾಲವಾಗಿತ್ತು. ಮದ್ದೂರಿನ ಮೆಕ್ಯಾನಿಕ್ಕು ಹೋದ ತಿಂಗಳು ಬಂದು ಎಂಜಿನ್ನನ್ನು ಸರಿಮಾಡಿಕೊಟ್ಟಿದ್ದ. ಉಳಿದದ್ದು ಟ್ಯಾಂಕು. ಅದರ ಒಳಗೆಲ್ಲ ತುಕ್ಕು ಕಟ್ಟಿ, ಹಾಕಿದ ಪೆಟ್ರೋಲು ಮಸಾಲೆ ಸಾರಿನಂತೆ ಕೆಂಪಗೆ ಇಳಿಯುತ್ತಿತ್ತು.

“ಓಡ್ನಿಲ್ಲ ಅಂದ್ರೆ ಅಪ್ಪ ಅದ್ನ ಪ್ರೀತಂಗೆ ಕೊಟ್ಬುಡ್ತದೆ, ನೋಡ್ತಿರಿ,” ಎಂದಳು ನಾಗಶ್ರೀ. ಪ್ರೀತಂ ಮಳವಳ್ಳಿಯಲ್ಲಿದ್ದ ಅವಳ ತಂಗಿಯ ಗಂಡ. ಹಳೇ ಬೈಕೆಂದರೆ ಜೊಲ್ಲು ಸುರಿಸುವವನು.

“ನಾನಿರೋಗಂಟ ಆಗಾಕಿಲ್ಲ. ಸಂಜೆ ಒಳಗೆ ಓಡಿಸ್ತೀನಿ!” ಎಂದು ಕೆಂಪರಾಜು ಪಂಚೆ ಎತ್ತಿ ಕಟ್ಟಿದ.

ಟ್ಯಾಂಕು ಬಿಚ್ಚಿ ಅಂಗಳಕ್ಕೆ ತಂದು ಕುಲುಕುತ್ತಿದ್ದಾಗ ಪಕ್ಕದ ಮನೆಯ ಬೆಟ್ಟಮ್ಮ ಗೋಡೆಯ ಮೇಲಿಂದ ಇಣುಕಿದಳು.

“ಏನ್ಲಾ ಅದು, ತೆಂಗಿನ್ಕಾಯಿ ಅಲ್ಲಾಡಿಸ್ದಂಗೆ ಅಲ್ಲಾಡಿಸ್ತಿದ್ದೀಯ?”

“ತುಕ್ಕು ಕಣಕ್ಕ.”

“ಉಣ್ಸೆಅಣ್ಣು ಆಕ್ಲಾ! ನಮ್ಮ ಇತ್ತಾಳೆ ಬಿಂದ್ಗೆ ಎಂಗೆ ಒಳೀತದೆ ನೋಡಿಲ್ವಾ?”

“ಬಿಂದ್ಗೆ ಒಳ್ಗೆ ಕೈ ಓಯ್ತದೆ. ಇದ್ರೊಳ್ಗೆ ಎಂಗಕ್ಕ ಉಜ್ಜದು?”

“ಜಲ್ಲಿಕಲ್ಲು ಆಕಿ ಕುಲುಕು. ಅದೂ ನಾನೇ ಏಳ್ಕೊಡ್ಬೇಕಾ?”

ನಾಗಶ್ರೀ ವರ್ಷಕ್ಕೆಂದು ಇಟ್ಟಿದ್ದ ಹುಣಸೆಹಣ್ಣೆಲ್ಲ ರಸವಾಗಿ ಟ್ಯಾಂಕಿಗೆ ಹೋಯಿತು. ಹಿಂದೆಯೇ ಜಲ್ಲಿ ಬಿತ್ತು. ಪೆಟ್ರೋಲು ಇಳಿಯುವ ಕೆಳಗಿನ ತೂತಿಗೆ ಕಬ್ಬಿನ ತುಂಡೊಂದನ್ನು ಕೆತ್ತಿ ಬಿರಡೆ ಹೊಡೆದ. ಕುಲುಕಿ ಕುಲುಕಿ ರಟ್ಟೆ ಬಿದ್ದುಹೋದರೂ ತುಕ್ಕು ಜಗ್ಗಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಗೆಳೆಯ ಸಿದ್ದರಾಮು ಟ್ರ್ಯಾಕ್ಟರ್ ನಿಲ್ಲಿಸಿದ.

“ಕೈಯಾಗೆ ಕುಲುಕ್ತಾ ಕೂತ್ರೆ ಯುಗಾದಿಗೂ ಆಗಾಕಿಲ್ಲ ಕಣ್ಲಾ. ನನ್ನ ಟ್ರ್ಯಾಕ್ಟರ್ ಇಂದ್ಗಡೆ ಚಕ್ರಕ್ಕೆ ಕಟ್ಬುಡು. ಗದ್ದೆಗೋಗಿ ಕಬ್ಬು ತುಂಬ್ಕೊಂಡು ಬರೋ ಒತ್ಗೆ ಒಳ್ಗೆ ಕನ್ನಡಿ ಆಗಿರ್ತದೆ!”

ಟ್ಯಾಂಕನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ಚಕ್ರದ ನಡುವಿಗೆ ಹಗ್ಗ ಬಿಗಿದರು. ಟ್ರ್ಯಾಕ್ಟರ್ ಗಡಗಡ ಎನ್ನುತ್ತ ಗದ್ದೆಯ ಕಡೆ ಹೊರಟಿತು. ಕೆಂಪರಾಜು ಬೀದಿಯ ತುದಿಯಲ್ಲಿ ಕಾದು ಕೂತ. ಬಿಸಿಲು ನೆತ್ತಿಗೇರಿದರೂ ಟ್ರ್ಯಾಕ್ಟರಿನ ಸುಳಿವಿಲ್ಲ.

“ಸಿದ್ದರಾಮುನಾ? ಕಬ್ಬು ತುಂಬ್ಕೊಂಡು ಅಂಗಿಂದಂಗೇ ಫ್ಯಾಕ್ಟ್ರಿಗೆ ಓದ್ನಲ್ಲ!” ಎಂದಳು ಬೆಟ್ಟಮ್ಮ.

ಕೆಂಪರಾಜು ಗಾಬರಿಯಾಗಿ ಅವನಿಗೆ ಫೋನು ಮಾಡಿದ. ಟ್ರ್ಯಾಕ್ಟರಿನಲ್ಲಿ ಹಾಡು ಹಾಕಿಕೊಂಡವನಿಗೆ ಫೋನಿನ ಸದ್ದು ಎಲ್ಲಿ ಕೇಳಬೇಕು? ಬೆಟ್ಟಮ್ಮನ ಗಂಡನ ಸೈಕಲ್ಲನ್ನು ಎಳೆದುಕೊಂಡು ಹೊರಟ. ಅದಕ್ಕೆ ಬ್ರೇಕಿಲ್ಲವೆಂಬುದು ಮೊದಲ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂದಾಗಲೇ ತಿಳಿದದ್ದು. ಗದ್ದೆಯ ಕೆಸರಿನಿಂದೆದ್ದು ಮತ್ತೆ ಸೈಕಲ್ ಹತ್ತಿದ. ಟ್ಯಾಂಕು ಸಿಗದೆ ಮನೆಗೆ ಮರಳುವುದಿಲ್ಲವೆಂದು ಹಲ್ಲು ಕಚ್ಚಿ ತುಳಿದ.

ಫ್ಯಾಕ್ಟರಿಯ ಮುಂದೆ ಕಬ್ಬಿನ ಗಾಡಿಗಳ ಉದ್ದನೆಯ ಸಾಲು. ಸಿದ್ದರಾಮುವಿನ ಟ್ರ್ಯಾಕ್ಟರ್ ಸುತ್ತ ಜನ ನೆರೆದಿದ್ದರು. ಒಬ್ಬ ಚಕ್ರದ ಕೆಳಗೆ ಮಲಗಿದ್ದ.

“ಬೇರಿಂಗ್ ಓಗ್ಬುಟ್ಟದೆ ಕಣಯ್ಯ. ಆ ಪಾಟಿ ಗಡಗಡ ಅಂತದೆ!” ಎನ್ನುತ್ತಿದ್ದ ಅವನು. ಸಿದ್ದರಾಮು ತಲೆ ಮೇಲೆ ಕೈಹೊತ್ತು ಕೂತಿದ್ದ. ಕೆಸರು ಮೆತ್ತಿಕೊಂಡು ಬಂದ ಕೆಂಪರಾಜುವನ್ನು ಕಂಡೊಡನೆ ಅವನಿಗೆ ನೆನಪಾಯಿತು.

“ಅಯ್ಯೋ, ನಿನ್ನ ಟ್ಯಾಂಕು ಕಣ್ಲಾ ಅದು!”

ಹಗ್ಗ ಬಿಚ್ಚಿ ಟ್ಯಾಂಕನ್ನು ಬೋರಲು ಹಾಕಿದಾಗ ಹುಳಿ, ಜಲ್ಲಿ, ತುಕ್ಕು ಎಲ್ಲ ಭಳಭಳ ಹೊರಗೆ ಬಿತ್ತು. ಇಣುಕಿ ನೋಡಿದರೆ ಒಳಗೆ ಬೆಳ್ಳಿಯ ಹೊಳಪು. ಕೆಂಪರಾಜುವಿಗೆ ನಿಜವಾಗಿಯೂ ಕಣ್ಣು ತುಂಬಿಬಂತು.

ಬರುವ ದಾರಿಯಲ್ಲಿ ಟ್ಯಾಂಕನ್ನು ನಾಲೆಯಲ್ಲಿ ತೊಳೆದು, ಏರಿಯ ಮೇಲೆ ಬಿಸಿಲಿಗೆ ಒಣಗಿಸಿ, ಪೆಟ್ರೋಲ್ ಬಂಕಿಗೆ ಬಂದ.

“ಬಾಟ್ಲಿಗೆಲ್ಲ ಆಕಾಕಿಲ್ಲ,” ಎಂದ ಬಂಕಿನವನು, ತಲೆಯೆತ್ತದೆ.

“ಬಾಟ್ಲಿ ಯಾಕಣ್ಣ? ಟ್ಯಾಂಕೇ ತಂದಿವ್ನಿ.”

ಬಂಕಿನವನು ಅವನನ್ನು ಮೇಲಿಂದ ಕೆಳಗೆ ನೋಡಿ, “ಬೈಕೆಲ್ಲಿ?” ಎಂದ.

“ಮನೇಲಿ ಅದೆ.”

ಸಂಜೆ ಸಣ್ಣಯ್ಯನವರು ಕೆಮ್ಮುವ ಮೊಪೆಡ್ಡಿನಲ್ಲಿ ಬಂದು ಇಳಿಯುವಾಗ ರಾಜದೂತು ಟ್ಯಾಂಕು, ಪೆಟ್ರೋಲು ಸಮೇತ ಅಂಗಳದಲ್ಲಿ ನಿಂತಿತ್ತು. ಕೆಂಪರಾಜು ಉಸಿರು ಬಿಗಿಹಿಡಿದು ಕಿಕ್ ಹೊಡೆದ. ಒಂದೇ ಏಟಿಗೆ ಬೀದಿಯೆಲ್ಲ ಬಡಬಡ ಸದ್ದು. ಬೆಟ್ಟಮ್ಮ ಗೋಡೆಯ ಮೇಲಿಂದ, “ನಾನೇ ಏಳ್ಕೊಟ್ಟಿದ್ದು!” ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು.

ಮಾವನ ಮುಖ ಅರಳಿತು. ತಾವೇ ಹತ್ತಿ ಊರೆಲ್ಲ ಒಂದು ಸುತ್ತು ಹಾಕಿಕೊಂಡು ಬಂದರು. ಬಂದವರು ಇಳಿಯಲಿಲ್ಲ.

“ತೀರ್ಮಾನ ಆಯ್ತು ಕಣಪ್ಪ.”

“ಪ್ರೀತಂಗೆ ಕೊಡಾಕಿಲ್ಲ ತಾನೆ ಮಾವ?” ಎಂದ ಕೆಂಪರಾಜು, ಗೆದ್ದವನ ನಗೆಯಲ್ಲಿ.

“ಅವನಿಗ್ಯಾಕೆ? ಓಡ್ನಿಲ್ಲ ಅಂದಿದ್ರೆ ನಿನ್ನ ಕೊಟ್ಗೇಲೇ ಬಿದ್ದಿರ್ಲಿ ಅಂತಿದ್ದೆ. ಇಷ್ಟು ಸಂದಾಗಿ ಓಡ್ತದೆ ಅಂದ್ಮೇಲೆ ನಾನೇ ಇಟ್ಕೋತೀನಿ ಬುಡು. ಆ ಮೊಪೆಡ್ಡು ನನ್ನ ಸೊಂಟಕ್ಕೆ ಆಗಿಬರ್ನಿಲ್ಲ. ಅದ್ನ ನೀನೇ ಮಡಿಕ್ಕೋ. ಅದರ ಟ್ಯಾಂಕೂ ತುಕ್ಕಿಡಿದದೆ, ನಿಂಗೆಂಗೂ ಕೈ ಪಳಗ್ಬುಟ್ಟದಲ್ಲ!”

ರಾಜದೂತಿನ ಸದ್ದು ಹಲಗೂರಿನ ಕಡೆ ಕರಗಿತು. ಬೀದಿ ಖಾಲಿಯಾಯಿತು. ಬೆಟ್ಟಮ್ಮ ಮೆಲ್ಲಗೆ, “ನಮ್ಮನೇಲೂ ಉಣ್ಸೆಅಣ್ಣು ಅದೆ ಕಣ್ಲಾ. ಕೊಡ್ಲಾ?” ಎಂದಳು.

ಕೆಂಪರಾಜು ಮೊಪೆಡ್ಡನ್ನು ತಳ್ಳಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ನಿಲ್ಲಿಸಿ, ಮೇಲೆ ಎರಡು ಹೊರೆ ಹುಲ್ಲು ಎತ್ತಿಹಾಕಿದ.

“ಸರಿ ಮಾಡಾಕಿಲ್ವಾ?” ಎಂದಳು ನಾಗಶ್ರೀ.

“ಮುಟ್ಟಾಕಿಲ್ಲ ಕಣೆ. ಓಡ್ದೇ ಇರೋಗಂಟ ಇದು ನಮ್ದು.”