ಸೂಪರ್‌ಚಾರ್ಜರ್ ಕೂರಿಸಿದ ಅಳಿಯ

ಬೀದರಿನ ಭೂಮಾಪನ ಕಚೇರಿಯ ವಸಂತನಿಗೆ ಜೀವನದಲ್ಲಿ ಒಂದೇ ಒಂದು ದುಃಖವಿತ್ತು. ಅದು ಭಾಲ್ಕಿಯಲ್ಲಿ ವಾಸವಾಗಿತ್ತು. ಹೆಸರು ವಿನೀತ. ಹೆಂಡತಿ ಮಂಜಿರಿಯ ಅಕ್ಕನ ಗಂಡ, ಅಂದರೆ ಖಾಸಾ ಷಡ್ಡಕ. (ತೊಟ್ಟಿಲಲ್ಲಿದ್ದಾಗಲೇ ವಿನೀತ ಎಂದು ಹೆಸರಿಟ್ಟವರು ಸ್ವಲ್ಪ ಕಾದು ನೋಡಬೇಕಿತ್ತು.)

ಈ ವಿನೀತ ದೊಡ್ಡ ಡೀಸೆಲ್ ಗಾಡಿ ಕೊಂಡಿದ್ದ. ವಸಂತನದು ಹಳೆಯ ಪೆಟ್ರೋಲ್ ಕಾರು. ಔರಾದದ ಮಾವನ ಮನೆಗೆ ಹೋಗುವಾಗ ಏರು ಬಂದಲ್ಲೆಲ್ಲ ಅದು ಉಬ್ಬಸದ ರೋಗಿಯಂತೆ ಏದುಸಿರು ಬಿಡುತ್ತಿತ್ತು. ಎ.ಸಿ. ಬಂದ್ ಮಾಡಿ, ಕಿಟಕಿ ತೆರೆದು, ಮನೆದೇವರನ್ನು ನೆನೆದರೆ ಮಾತ್ರ ದಿನ್ನೆ ಹತ್ತುತ್ತಿತ್ತು. ದೀಪಾವಳಿಯ ಊಟದ ಪಂಕ್ತಿಯಲ್ಲಿ ಅತ್ತೆ ಅಂಬೂಬಾಯಿ ಹೋಳಿಗೆಗೆ ತುಪ್ಪ ಹಾಕುತ್ತಿರುವಾಗ ವಿನೀತ ಎಲ್ಲರೆದುರಿಗೆ ಕೇಳಿಬಿಟ್ಟ:

"ವಸಂತರಾವ್, ದಿನ್ನಿ ಹತ್ತೂಮುಂದ ನೀವು ಒಳಗ ಕೂತಿದ್ರೋ, ಇಳದು ನೂಕ್ಲತ್ತಿದ್ರೋ? ಕನ್ನಡ್ಯಾಗ ಬರೋಬರ್ ಕಾಣಲಿಲ್ಲ ನನಗ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಂಜಿರಿಯೂ ನಕ್ಕಳು. ವಸಂತ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಒಗೆದ.

"ಸರಿತಾನ ನಿಶ್ಚಿತಾರ್ಥಕ್ಕ ನೋಡ್ರಿ! ಔರಾದಕ್ಕ ನಿಮಗಿಂತ ಮೊದಲು ಮುಟ್ಟಲಿಲ್ಲಂದ್ರ ನಾ ಈ ಮನಿ ಅಳಿಯಾನೇ ಅಲ್ಲ!" ಎಂದು ಘರ್ಜಿಸಿದ. ಸರಿತಾ ಮಂಜಿರಿಯ ತಂಗಿ. ವರ ಗೊತ್ತಾಗಿತ್ತು, ದಿನ ಗೊತ್ತಾಗುವುದಿತ್ತು.

ಪ್ರತಿಜ್ಞೆಯೇನೋ ಆಯಿತು. ಪ್ರತಿಜ್ಞೆಯಿಂದ ಕಾರು ಓಡುವುದಿಲ್ಲವಲ್ಲ? ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಣ್ಣು ಕೆಂಪಾದ ಮೇಲೆ ವಸಂತನಿಗೆ ಸೂಪರ್‌ಚಾರ್ಜರ್ ಎಂಬ ದಿವ್ಯಾಸ್ತ್ರದ ದರ್ಶನವಾಯಿತು. ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತ, ಅದೇ ಇಂಜಿನ್ನಿನ ಬಾಯಿಗೆ ಬಲವಂತವಾಗಿ ಗಾಳಿ ತುರುಕುವ ಯಂತ್ರ ಅದು. ತರಿಸಿದ. ಮೆಕ್ಯಾನಿಕ್ ಮುನೀರೋದ್ದೀನ ಅದನ್ನು ಬಾನೆಟ್ಟಿನೊಳಗೆ ಹೇಗೋ ಕೂರಿಸಿ, ಕೈ ಒರೆಸಿಕೊಳ್ಳುತ್ತ ಹೇಳಿದ:

"ಸಾಹೇಬ್ರ, ಗಾಳಿ ಜಾಸ್ತಿ ಹ್ವಾದ್ರ ಪೆಟ್ರೋಲೂ ಜಾಸ್ತಿ ಹೋಗಬೇಕು. ನಿಮ್ಮ ಗಾಡ್ಯಾನ ಕಂಪ್ಯೂಟರಿಗಿ ಇನ್ನಾ ಹಳೇ ಹಿಸಾಬೇ ಗೊತ್ತದ. ಟ್ಯೂನಿಂಗ್ ಆಗೋತನ ಜೋರ್ ಒತ್ತಬ್ಯಾಡ್ರಿ. ಪಿಸ್ಟನ್ ತೂತು ಬೀಳ್ತಾವ."

ತೂತು ಎಂಬ ಶಬ್ದ ಕೇಳಿದ ವಸಂತ ಆವತ್ತು ಮನೆಯ ತನಕ ಕಾರನ್ನು ಬಾಣಂತಿಯಂತೆ ಕರೆತಂದ.

ಟ್ಯೂನಿಂಗ್ ಮಾಡುವವನ ಹೆಸರು ಗೌರವ. ಕಮಠಾಣದವನು, ಈಗ ಹೈದರಾಬಾದಿನಲ್ಲಿ ಇದೇ ದಂಧೆ. ಎಲ್ಲವೂ ಫೋನಿನಲ್ಲೇ. ಅವನು ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು ಎಂಬ ಹೊಸ ಹಿಸಾಬಿನ ಫೈಲ್ ಕಳಿಸಬೇಕು, ವಸಂತ ಅದನ್ನು ಲ್ಯಾಪ್‌ಟಾಪಿನಿಂದ ಕಾರಿಗೆ ಇಳಿಸಿ, ರಸ್ತೆಯಲ್ಲಿ ಜೋರಾಗಿ ಓಡಿಸಬೇಕು. ಆಗ ಪಕ್ಕದಲ್ಲಿ ಕೂತವರು ಪರದೆಯ ಮೇಲಿನ ಅಂಕಿ, ಅಂದರೆ ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂಬುದನ್ನು, ಓದಬೇಕು. ಹನ್ನೆರಡರ ಆಸುಪಾಸು ಇದ್ದರೆ ಕ್ಷೇಮ. ಹದಿನಾಲ್ಕಾದರೆ ಪೆಟ್ರೋಲು ಸಾಲುತ್ತಿಲ್ಲ ಎಂದರ್ಥ, ಕೂಡಲೇ ಎಕ್ಸಲರೇಟರಿನಿಂದ ಕಾಲು ತೆಗೆಯಬೇಕು. ಪಕ್ಕದಲ್ಲಿ ಕೂರುವವರು ಯಾರು? ಅಗ್ನಿಸಾಕ್ಷಿಯಾಗಿ ಕೈಹಿಡಿದವಳೇ.

"ಅನ್ನಕ್ಕ ಇಟ್ಟು ಬಂದೀನಿ. ಲಗೂ ಮುಗಸ್ರಿ," ಎಂದು ಮಂಜಿರಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಊರ ಹೊರಗೆ ರಸ್ತೆ ಖಾಲಿ ಕಂಡದ್ದೇ ವಸಂತ ಒತ್ತಿದ. ಬಾನೆಟ್ಟಿನೊಳಗಿಂದ ಕುಂಯ್ ಎಂಬ ನಾದ ಎದ್ದಿತು.

"ಓದ!"

"ಹನ್ನೆರಡು... ಹನ್ನೆರಡೂವರಿ... ಹದಿಮೂರು... ಆಕಳ!"

"ಆಕಳಾ? ಅದೆಷ್ಟು ಪಾಯಿಂಟು?"

"ಪಾಯಿಂಟಲ್ಲರೀ! ಮುಂದ ಆಕಳ ಅದ!"

ಆಕಳು ಉಳಿಯಿತು. ಲ್ಯಾಪ್‌ಟಾಪ್ ಮಂಜಿರಿಯ ಕಾಲ ಬುಡಕ್ಕೆ ಬಿತ್ತು. ಮನೆಗೆ ಬಂದರೆ ಅನ್ನ ಸೀದಿತ್ತು.

ಅಲ್ಲಿಂದ ವಸಂತನ ಬಾಳು ಫೈಲಿನಿಂದ ಫೈಲಿಗೆ ಇಳಿಯುತ್ತ ಹೋಯಿತು. ಒಂದು ಫೈಲ್ ಹಾಕಿದರೆ ಕಾರು ಕರಿ ಹೊಗೆ ಉಗುಳಿ, ಎದುರು ಮನೆಯ ಮಲ್ಲಿಕಾರ್ಜುನಪ್ಪನವರ ಬಿಳಿ ಧೋತರವನ್ನು ಅವರು ಉಟ್ಟಿರುವಾಗಲೇ ಬಣ್ಣಗೆಡಿಸಿತು. ಹೊಗೆ ನಿಲ್ಲಿಸುವ ಫೈಲ್ ಹಾಕಿದರೆ ದಿನ್ನೆಯಲ್ಲಿ ಇಂಜಿನ್ನು ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಟಕಟಕ ಬಡಿಯಿತು. ಅದನ್ನು ಸರಿಮಾಡಿದರೆ ಕಾರು ನಿಂತಲ್ಲಿ ಬಂದ್ ಬೀಳತೊಡಗಿತು. ಬಂದ್ ಬೀಳದಿರಲೆಂದು ವಸಂತ ಸರ್ಕಲ್ಲಿನಲ್ಲಿ ನಿಂತಾಗೆಲ್ಲ ಒತ್ತುತ್ತಲೇ ಇರಬೇಕಾಯಿತು. ತಲೆ ನರೆತ ಸರಕಾರಿ ನೌಕರನೊಬ್ಬ ಕಾಲೇಜು ಹುಡುಗಿಯರ ಬಸ್ಸಿನ ಪಕ್ಕದಲ್ಲಿ ಝೂಂ ಝೂಂ ಎನ್ನಿಸುತ್ತಿದ್ದರೆ ಪೊಲೀಸರು ಸುಮ್ಮನಿರುತ್ತಾರೆಯೇ?

"ಏನ್ ಸಾಹೇಬ್ರ, ಈ ವಯಸ್ಸಿನಾಗ?" ಎಂದ ಟ್ರಾಫಿಕ್ಕಿನವನ ದನಿಯಲ್ಲಿ ಸಿಟ್ಟಿಗಿಂತ ಕನಿಕರವೇ ಹೆಚ್ಚಿತ್ತು.

ವಸಂತನಿಗೆ ನಿದ್ದೆ ಹೋಯಿತು. ಹೊಲ ಅಳೆಯಲು ಹೋದಲ್ಲಿ ಸರಪಳಿ ಹಿಡಿದು ನಿಂತು "ಹದಿನಾಲ್ಕು, ಕಾಲು ತಗಿ" ಎಂದು ಗೊಣಗಿದನಂತೆ. ಇತ್ತ ಮಂಜಿರಿ ಮಾತ್ರ ಅಂಕಿ ಓದುವುದರಲ್ಲಿ ಪಳಗಿದಳು. ಗೌರವನೂ ವಸಂತನಿಗೆ ಫೋನ್ ಮಾಡುವುದನ್ನು ಬಿಟ್ಟು ನೇರ ಅವಳಿಗೇ ಮಾಡತೊಡಗಿದ. "ಸರ್ ಸುಮ್ಮ ಗಾಬರಿ ಆಗ್ತಾರ್ರಿ ಮೇಡಮ್. ನೀವು ಬರೋಬರ್ ಹೇಳ್ತೀರಿ," ಎಂಬುದು ಅವನ ಪ್ರಮಾಣಪತ್ರ.

ಅಂತೂ ನಿಶ್ಚಿತಾರ್ಥದ ಬೆಳಿಗ್ಗೆ ಕೊನೆಯ ಫೈಲ್ ಬಂತು. ಮಂಜಿರಿಯೇ ಅದನ್ನು ಕಾರಿಗೆ ಇಳಿಸಿದಳು. ಹೊಗೆಯಿಲ್ಲ, ಬಡಿತವಿಲ್ಲ, ಬಂದ್ ಬೀಳುವುದೂ ಇಲ್ಲ. ವಸಂತ ಸ್ಟೇರಿಂಗಿಗೆ ಕುಂಕುಮ ಹಚ್ಚಿ ನಮಸ್ಕಾರ ಮಾಡಿದ. ಪಂದ್ಯಕ್ಕೆ ವಿನೀತನ ಜೊತೆಗೇ ಹೊರಡಲೆಂದು ಕೆಟ್ಟ ರಸ್ತೆಯಲ್ಲಿ ನಿಧಾನವಾಗಿಯೇ ಭಾಲ್ಕಿ ಮುಟ್ಟಿದರು.

ವಿನೀತನ ಮನೆಯ ಮುಂದೆ ಅವನ ಗಾಡಿ ಸಿಹಿ ಪೊಟ್ಟಣ, ಹಿತ್ತಾಳೆ ತಟ್ಟೆಗಳಿಂದ ತುಂಬಿತ್ತು. ಬಟ್ಟೆ ಖರೀದಿಗೆಂದು ಅಲ್ಲಿ ಬಂದುಳಿದಿದ್ದ ಅತ್ತೆ ಅಂಬೂಬಾಯಿಗೂ ಅವಳ ಅಕ್ಕ ಗಂಗುಬಾಯಿಗೂ ಜಾಗವಿರಲಿಲ್ಲ. ಇಬ್ಬರೂ ವಸಂತನ ಹಿಂದಿನ ಸೀಟಿನಲ್ಲಿ ಕೂತರು. ಭಾರ ಹೆಚ್ಚಾದರೇನು? ಸೂಪರ್‌ಚಾರ್ಜರ್ ಇರುವುದೇ ಅದಕ್ಕೆ!

ಕಮಲನಗರದ ಕಡೆ ಒಳ್ಳೆಯ ರಸ್ತೆ ಸಿಕ್ಕಿತು. ವಿನೀತನ ಗಾಡಿ ಮುಂದೆಯೇ ಇತ್ತು. ವಸಂತ ಎಕ್ಸಲರೇಟರ್ ಪೂರ್ತಿ ಒತ್ತಿದ. ಕುಂಯ್! ನಲವತ್ತು, ಐವತ್ತು, ಅರವತ್ತು. ಅರವತ್ತು. ಅರವತ್ತೇ. ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಹಿಡಿದ ಹಾಗೆ. ವಿನೀತ ಕಿಟಕಿಯಿಂದ ಕೈ ಬೀಸಿ ಕಣ್ಮರೆಯಾದ.

ವಸಂತ ಬದಿಗೆ ನಿಲ್ಲಿಸಿ, ಕೆಳಗಿಳಿದು ಗೌರವನಿಗೆ ಫೋನ್ ಮಾಡಿದ.

"ಅರವತ್ತಕ್ಕ ನಿಲ್ಲಕತ್ತದಲ್ಲೋ ಮಾರಾಯಾ!"

"ಬರೋಬರ್ ಅದ ಸರ್. ಅರವತ್ತರ ಮ್ಯಾಲ ಹೋಗಬಾರದಂತ ನೀವೇ ಹೇಳೀರಲ್ಲಾ?"

"ನಾನಾ? ಯಾವಾಗ?"

"ಮೇಡಮ್ ಫೋನ್ ಮಾಡಿದ್ರು. ಸಾಹೇಬ್ರು ಒಪ್ಪ್ಯಾರ ಅಂದ್ರು."

ವಸಂತ ಕಿಟಕಿಯ ಬಳಿ ಬಂದ. ಹಿಂದೆ ಅತ್ತೆ ಕೂತಿದ್ದರಿಂದ ಪಿಸುದನಿಯಲ್ಲೇ ಬೊಬ್ಬೆ ಹಾಕಬೇಕಾಯಿತು.

"ನನ್ನ ಮಾನ ಕಳದಿ ಮಂಜಿರಿ!"

"ಮಾನ ಹೋದ್ರ ಬರ್ತದರಿ. ನೀವು ಹ್ವಾದ್ರ?" ಎಂದಳು ಮಂಜಿರಿ, ಅಷ್ಟೇ ಮೆಲ್ಲಗೆ. "ಆ ಪರದಾ ನೋಡಿ ನೋಡಿ ನನ್ನ ಎದಿ ಬಡ್ಕೊಂಡಿದ್ದು ನಿಮಗೇನ್ ಗೊತ್ತದ? ಸುಮ್ಮ ನಡೀರಿ. ಮುಹೂರ್ತ ಆಗ್ತದ."

ಅವಳ ಕಣ್ಣಂಚು ಒದ್ದೆಯಾಗಿತ್ತು. ವಸಂತ ಬಂದು ಮತ್ತೆ ಸ್ಟೇರಿಂಗಿನ ಮುಂದೆ ಕೂತ.

ಔರಾದದಲ್ಲಿ ಇಡೀ ಬಳಗ ಬಾಗಿಲಲ್ಲೇ ನಿಂತಿತ್ತು. ವಿನೀತ ಆಗಲೇ ಚಹಾ ಕುಡಿದು, ಮೀಸೆ ಒರೆಸಿಕೊಳ್ಳುತ್ತಿದ್ದ. ವಸಂತ ತಲೆ ತಗ್ಗಿಸಿ ಇಳಿದ. ಆದರೆ ಮೊದಲು ಬಾಯಿ ತೆರೆದವಳು ಅಂಬೂಬಾಯಿ.

"ಇಷ್ಟು ವರ್ಷದಾಗ ಇವತ್ತೇ ನೋಡ್ರಿ, ಹೊಟ್ಟಿ ತೊಳಸದೇ ಬಂದಿದ್ದು! ವಿನೀತನ ಗಾಡ್ಯಾಗ ಬಂದ್ರ ಕರುಳು ಬಾಯಿಗಿ ಬರ್ತಿತ್ತು. ಆ ಕುಂಯ್ ಅನ್ನೋ ಸಪ್ಪಳಕ್ಕ ಅಕ್ಕಂದು ಗೊರಕಿ ಹತ್ತಿತ್ತು. ಇನ್ನ ಎಲ್ಲೇ ಹೋಗೂದಿರ್ಲಿ, ನಾವು ವಸಂತರಾಯರ ಗಾಡ್ಯಾಗೇ!"

ಬಳಗದ ಮುದುಕಿಯರೆಲ್ಲ ತಿರುಗಿ ವಸಂತನ ಕಾರನ್ನು ನೋಡಿದರು. ಆ ನೋಟದಲ್ಲಿ ಆಸೆಯಿತ್ತು.

ವಿನೀತ ಬಂದು ವಸಂತನ ಎರಡೂ ಕೈ ಹಿಡಿದುಕೊಂಡ. ಆ ಕ್ಷಣದಲ್ಲಿ ಅವನು ಹೆಸರಿಗೆ ತಕ್ಕಂತೆಯೇ ಇದ್ದ. "ಉಪಕಾರ ಆಯ್ತ್ರಿ. ಇವರನ್ನ ದವಾಖಾನಿಗಿ, ಮದುವಿಗಿ, ಗುಡಿಗಿ ತಿರುಗ್ಸಿ ತಿರುಗ್ಸಿ ಸಾಕಾಗಿತ್ತು ನನಗ."

ಊಟವಾದ ಮೇಲೆ ವಸಂತ ಚಿಂತಾಕಿಯ ಗುಡಿಗೆ ಹೊರಟಿದ್ದ, ಹಿಂದಿನ ಸೀಟಿನಲ್ಲಿ ಅಂಬೂಬಾಯಿ, ಗಂಗುಬಾಯಿ ಮತ್ತು ಬಳಗದ ಇನ್ನೊಬ್ಬ ಮುದುಕಿ, ಹೀಗೆ ಮೂವರು ಅತ್ತೆಯರನ್ನು ಹೊತ್ತು. ಕಾಲು ಪೂರ್ತಿ ಒತ್ತಿದ್ದ, ಮುಳ್ಳು ಅರವತ್ತರಲ್ಲಿತ್ತು. ಹಿಂದಿನಿಂದ ಮೂರು ಶ್ರುತಿಯ ಗೊರಕೆ ಬರುತ್ತಿತ್ತು. ಮುಂದೆ ಕುರಿಗಳ ಹಿಂಡೊಂದು ಅಡ್ಡ ಬಂದಾಗ ವಸಂತ ಹಾರ್ನಿನ ಮೇಲೆ ಕೈಯಿಟ್ಟ.

"ಹೊಡಿಬ್ಯಾಡ್ರಿ," ಎಂದಳು ಮಂಜಿರಿ, "ಎಚ್ಚರಾಗ್ತಾರ."

ವಸಂತ ಕೈ ತೆಗೆದು, ಕುರಿಗಳು ತಾವಾಗಿಯೇ ದಾಟುವುದನ್ನು ಕಾಯುತ್ತ ಕೂತ.